ಬಿಜಾಪುರ ಉತ್ತರ: ಹೆಸರಳಿದ ಒಂದು ಮತಕ್ಷೇತ್ರ

1957ರ ಮಾರ್ಚ್ ತಿಂಗಳು. ಎರಡನೆಯ ಸಾರ್ವತ್ರಿಕ ಚುನಾವಣೆಯ ಎಣಿಕೆ ಮುಗಿದಿತ್ತು. ನಾಲ್ಕು ತಿಂಗಳ ಹಿಂದಷ್ಟೇ ಒಂದಾಗಿದ್ದ ವಿಶಾಲ ಮೈಸೂರು ರಾಜ್ಯದ 26 ಲೋಕಸಭಾ ಸ್ಥಾನಗಳಲ್ಲಿ 23 ಕಾಂಗ್ರೆಸ್ಸಿನ ಪಾಲಾದವು. ಚಿತ್ರದುರ್ಗದಲ್ಲಿ ಪ್ರಜಾ ಸೋಷಲಿಸ್ಟ್ ಪಕ್ಷದ ಜೆ. ಮಹಮ್ಮದ್ ಇಮಾಂ ಗೆದ್ದರು. ಚಿಕ್ಕೋಡಿಯಲ್ಲಿ ಪರಿಶಿಷ್ಟ ಜಾತಿಗಳ ಒಕ್ಕೂಟದ ದತ್ತಾ ಅಪ್ಪಾ ಕಟ್ಟಿ ಗೆದ್ದರು. ಉಳಿದ ಒಂದು ಸ್ಥಾನ ಮಾತ್ರ ಯಾವ ಪಕ್ಷದ ಲೆಕ್ಕಕ್ಕೂ ಸಿಗಲಿಲ್ಲ. ಬಿಜಾಪುರ ಉತ್ತರ ಎಂಬ ಕ್ಷೇತ್ರದ ಜನ ಮುರಿಗೆಪ್ಪ ಸಿದ್ದಪ್ಪ ಸುಗಂಧಿ ಎಂಬ ಪಕ್ಷೇತರರನ್ನು ದಿಲ್ಲಿಗೆ ಕಳಿಸಿದ್ದರು. ಇಡೀ ರಾಜ್ಯದಿಂದ ಲೋಕಸಭೆಗೆ ಹೋದ ಪಕ್ಷೇತರರು ಅವರೊಬ್ಬರೇ.

ಇಂದು ಲೋಕಸಭಾ ಕ್ಷೇತ್ರಗಳ ಪಟ್ಟಿ ತೆಗೆದು ನೋಡಿದರೆ ಬಿಜಾಪುರ ಉತ್ತರ ಸಿಗುವುದಿಲ್ಲ. 1952ರಲ್ಲಿ ಹುಟ್ಟಿ, ಮೂರು ಚುನಾವಣೆ ಕಂಡು, 1967ರ ಹೊತ್ತಿಗೆ ಅದು ಪಟ್ಟಿಯಿಂದ ಇಳಿದುಹೋಯಿತು. ಮೂರು ಚುನಾವಣೆಗೆ ಇಬ್ಬರೇ ಸದಸ್ಯರು: ರಾಜಾರಾಂ ಗಿರಿಧರಲಾಲ ದುಬೆ, ನಡುವೆ ಸುಗಂಧಿ, ಮತ್ತೆ ದುಬೆ. ಇಷ್ಟು ಸಣ್ಣ ಬಾಳಿನ ಕ್ಷೇತ್ರಕ್ಕೆ ಚರಿತ್ರೆ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಬಹುದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಯ ಮಂದಿ ಮೊದಲ ಸಲ ಮತದ ಪೆಟ್ಟಿಗೆಯ ಮುಂದೆ ನಿಂತದ್ದು ಈ ಹೆಸರಿನ ಅಡಿಯಲ್ಲಿ. ಊರು ಬಿಟ್ಟು ಕದಲದೆ ಮುಂಬೈ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದದ್ದೂ ಈ ಹೆಸರಿದ್ದಾಗಲೇ. ಅಷ್ಟು ಸಾಕು.

ಮೊದಲು ಈ 'ಉತ್ತರ'ದ ಮಾತು. ಜಿಲ್ಲೆಯ ಹೆಸರಿಗೆ ದಿಕ್ಕು ಅಂಟಿಸಿ ಮತಕ್ಷೇತ್ರ ಮಾಡುವ ರೂಢಿ ನಮ್ಮದಲ್ಲ. 1832ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಸುಧಾರಣೆಯ ಕಾಯ್ದೆ ತಂದಾಗ ಅಲ್ಲಿನ ಅನೇಕ ಕೌಂಟಿಗಳನ್ನು ಉತ್ತರ ದಕ್ಷಿಣ ಎಂದು ಸೀಳಿದರು. ವಿಲ್ಟ್‌ಶೈರ್ ಕೌಂಟಿಯನ್ನೇ ನೋಡಿ. ಓಲ್ಡ್ ಸಾರಂ ಎಂಬ ಹಾಳು ದಿಬ್ಬ ಅಲ್ಲಿತ್ತು. ಮನೆಮಾರು ಅಳಿದಿದ್ದ ಆ ಜಾಗಕ್ಕೆ ಬೆರಳೆಣಿಕೆಯ ಮತದಾರರು, ಪಾರ್ಲಿಮೆಂಟಿನಲ್ಲಿ ಮಾತ್ರ ಇಬ್ಬರು ಸದಸ್ಯರು. 1832ರ ಕಾಯ್ದೆ ಓಲ್ಡ್ ಸಾರಂ ಕ್ಷೇತ್ರವನ್ನು ಅಳಿಸಿ, ಉತ್ತರ ವಿಲ್ಟ್‌ಶೈರ್ ಎಂಬುದನ್ನು ಹುಟ್ಟಿಸಿತು. ಆ ಉತ್ತರ ವಿಲ್ಟ್‌ಶೈರ್ ಕೂಡ 1885ರಲ್ಲಿ ಹೋಯಿತು, 1983ರಲ್ಲಿ ಮತ್ತೆ ಬಂತು, 2024ರಲ್ಲಿ ಮತ್ತೆ ಹೋಯಿತು. ಆಳುವವರ ನಾಡಿನ ಈ ಪದ್ಧತಿ ಅವರ ಕಾಗದಪತ್ರಗಳ ಜತೆ ಹಡಗು ಹತ್ತಿ ಬಂದು ಮುಂಬೈ ಇಲಾಖೆಯ ಜಿಲ್ಲೆಗಳ ಮೇಲೂ ಕೂತಿತು. ಬೆಳಗಾವಿ ಉತ್ತರ, ಬೆಳಗಾವಿ ದಕ್ಷಿಣ. ಧಾರವಾಡ ಉತ್ತರ, ಧಾರವಾಡ ದಕ್ಷಿಣ. ಬಿಜಾಪುರ ಉತ್ತರ, ಬಿಜಾಪುರ ದಕ್ಷಿಣ. ಕಾರಕೂನನ ಕೆಲಸಕ್ಕೆ ಇದಕ್ಕಿಂತ ಸುಲಭದ ಹೆಸರಿಲ್ಲ.

ಆದರೆ ನಮ್ಮ ಜಿಲ್ಲೆಯ ಮಟ್ಟಿಗೆ ಆ ಗೆರೆ ಬರೀ ಕಾಗದದ್ದಲ್ಲ, ನಡುವೆ ಕೃಷ್ಣೆ ಹರಿಯುತ್ತಾಳೆ. ಹೊಳೆಯ ಆಚೆ ಬಾಗಲಕೋಟೆ, ಬಾದಾಮಿ, ಹುನಗುಂದ. ಮಲಪ್ರಭೆ, ಘಟಪ್ರಭೆಯ ನೀರು. ಹೊಳೆಯ ಈಚೆ ಬಿಜಾಪುರ, ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳ. ಎರೆ ನೆಲ, ಮಡ್ಡಿ, ಡೋಣಿ ಸಾಲು, ಮೇಲೆ ಭೀಮೆ. ಆಡಳಿತದ ಚರಿತ್ರೆಯೂ ಒಂದೇ ಅಲ್ಲ. 1818ರಲ್ಲಿ ಪೇಶ್ವೆಗಳು ಬಿದ್ದ ಮೇಲೆ ಕೃಷ್ಣೆಯ ಉತ್ತರದ ಬಹುಭಾಗವನ್ನು ಇಂಗ್ಲಿಷರು ಸಾತಾರದ ರಾಜನಿಗೆ ಬಿಟ್ಟುಕೊಟ್ಟಿದ್ದರು. 1848ರಲ್ಲಿ ಆ ಸಂಸ್ಥಾನವೇ ಅವರ ಹೊಟ್ಟೆಗೆ ಹೋದಾಗ ಈ ನೆಲವೂ ಹೋಯಿತು. 1864ರಲ್ಲಿ ಕಲಾದಗಿ ಜಿಲ್ಲೆಯಾಯಿತು. ಕಚೇರಿ ಬಿಜಾಪುರಕ್ಕೆ ಬಂದದ್ದು 1885ರಲ್ಲಿ. ನಡುವೆ 1876ರ ಬರ. ಎಂಟು ಲಕ್ಷ ದಾಟಿದ್ದ ಜಿಲ್ಲೆಯ ಜನಸಂಖ್ಯೆ 1881ರ ಗಣತಿಯಲ್ಲಿ 6 ಲಕ್ಷ 38 ಸಾವಿರಕ್ಕೆ ಇಳಿದಿತ್ತು. ಮುಂದೆ ಈ ಸೀಮೆಯಿಂದ ಯಾರೇ ಆರಿಸಿ ಹೋಗಲಿ, ಮುಂಬೈಯಲ್ಲಾಗಲಿ ದಿಲ್ಲಿಯಲ್ಲಾಗಲಿ, ಅವರ ಬಾಯಲ್ಲಿ ಮೊದಲು ಬರುತ್ತಿದ್ದ ಮಾತು ನೀರು, ಎರಡನೆಯದು ಬರ.

ಆರಿಸಿ ಹೋಗುವುದಕ್ಕೆ ಮತ ಬೇಕಲ್ಲ. 1919ರ ಕಾಯ್ದೆಯ ಪ್ರಕಾರ ಮುಂಬೈ ಇಲಾಖೆಯ ಹಳ್ಳಿಗಳಲ್ಲಿ ಮತ ಹಾಕುವವನು ಸಾಮಾನ್ಯವಾಗಿ ವರ್ಷಕ್ಕೆ 32 ರೂಪಾಯಿ ಕಂದಾಯದ ಹೊಲ ಹೊಂದಿರಬೇಕಾಗಿತ್ತು. ಎಕರೆಗೆ ಆಣೆಗಳ ಲೆಕ್ಕದಲ್ಲಿ ಕಂದಾಯ ಬೀಳುತ್ತಿದ್ದ ನಮ್ಮ ಒಣನೆಲದಲ್ಲಿ 32 ರೂಪಾಯಿ ಎಂದರೆ ಹತ್ತಾರು ಎಕರೆಯ ಒಡೆತನ. ಊರಿಗೆ ಗೌಡರು, ಕುಲಕರ್ಣಿ, ದೇಸಾಯಿ ಮನೆ, ಒಬ್ಬಿಬ್ಬರು ಸಾವಕಾರರು: ಮತದಾರರ ಪಟ್ಟಿ ಅಲ್ಲಿಗೆ ಮುಗಿಯಿತು. ಹೆಂಗಸರಿಗೆ ಮುಂಬೈ ಇಲಾಖೆಯಲ್ಲಿ ಮತ ಸಿಕ್ಕಿದ್ದು 1921ರಲ್ಲಿ. ಅದಕ್ಕೂ ಅದೇ ಅಳತೆ. ಹೊಲ ಅವಳ ಹೆಸರಿನಲ್ಲಿರಬೇಕು. ಎಷ್ಟು ಮನೆಗಳಲ್ಲಿ ಹಾಗಿತ್ತು ಎಂದು ಓದುಗರೇ ಊಹಿಸಿಕೊಳ್ಳಲಿ. 1935ರ ಕಾಯ್ದೆ ಆ ಅಳತೆಯನ್ನು 8 ರೂಪಾಯಿಗೆ ಇಳಿಸಿತು. ಬ್ರಿಟಿಷ್ ಇಂಡಿಯಾದಲ್ಲೆಲ್ಲ ಸೇರಿ ಸುಮಾರು ಮೂರೂವರೆ ಕೋಟಿ ಜನ ಮತದಾರರಾದರು. ಆದರೂ ಜೀತಕ್ಕಿದ್ದವನು, ಕೂಲಿಯವನು, ಅವನ ಹೆಂಡತಿ ಪಟ್ಟಿಯ ಹೊರಗೇ ಇದ್ದರು.

ಆ ಇಕ್ಕಟ್ಟಿನ ಪಟ್ಟಿಯಲ್ಲೂ ಒಳ್ಳೆಯ ಮನುಷ್ಯರು ಆರಿಸಿ ಹೋಗಲಿಲ್ಲವೆಂದಲ್ಲ. ಬಿಜಾಪುರದಲ್ಲಿ ವಕೀಲಿಕೆ ಮಾಡುತ್ತಿದ್ದ ಫ.ಗು. ಹಳಕಟ್ಟಿಯವರು 1920ರಲ್ಲಿ ಮುಂಬೈ ಶಾಸನಸಭೆಗೆ ಹೋದರು. ವಚನಗಳ ಓಲೆಗರಿ ಹುಡುಕುತ್ತ ಮನೆಮನೆ ಅಲೆದ ಹಳಕಟ್ಟಿಯವರನ್ನು ನಾಡು ಬಲ್ಲದು. 1910ರಲ್ಲಿ ಶಿಕ್ಷಣ ಸಂಸ್ಥೆ, 1912ರಲ್ಲಿ ಸಿದ್ಧೇಶ್ವರ ಬ್ಯಾಂಕು ಕಟ್ಟಿದ ಹಳಕಟ್ಟಿಯವರನ್ನು ಬಿಜಾಪುರ ಇನ್ನೂ ಚೆನ್ನಾಗಿ ಬಲ್ಲದು. ಶಾಸಕ ಹಳಕಟ್ಟಿಯವರನ್ನು ಮಾತ್ರ ಯಾರೂ ನೆನೆಯುವುದಿಲ್ಲ. ನಮ್ಮಲ್ಲಿ ರಾಜಕೀಯದ ಚರಿತ್ರೆ ಬರೆಯುವವರು ಕಡಿಮೆ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಇನ್ನೊಂದು ವಿಚಿತ್ರ. 1920ರ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ಸು ಭಾಷೆಯ ಪ್ರಕಾರ ಪ್ರಾಂತ ಸಮಿತಿಗಳನ್ನು ಮಾಡಿಕೊಳ್ಳಲು ಒಪ್ಪಿತು. ಹಾಗಾಗಿ ಅಂದಿನಿಂದ ಬಿಜಾಪುರದ ಕಾಂಗ್ರೆಸ್ಸಿಗ ಪಕ್ಷದ ಲೆಕ್ಕದಲ್ಲಿ ಕರ್ನಾಟಕದವನು, ಕಂದಾಯದ ಲೆಕ್ಕದಲ್ಲಿ ಮುಂಬೈಯವನು. ಮೂವತ್ತಾರು ವರ್ಷ ಈ ಎರಡು ಲೆಕ್ಕ ಹೊಂದಲೇ ಇಲ್ಲ.

ಸಿಂದಗಿ ತಾಲೂಕಿನ ಮೂಡಣದ ಮಂದಿಗೆ ಮೂರನೆಯದೂ ಒಂದಿತ್ತು. ಮೋರಟಗಿಯಿಂದ ಮೂಡಲಿಗೆ ಜೇವರ್ಗಿಯ ದಾರಿ ಹಿಡಿದರೆ ಸ್ವಲ್ಪ ಹೊತ್ತಿಗೆ ಮೊಗಲಾಯಿ, ಅಂದರೆ ನಿಜಾಮನ ಸೀಮೆ. ಈಚೆ ಕಲ್ದಾರ ರೂಪಾಯಿ, ಆಚೆ ಹಾಲಿ ಸಿಕ್ಕಾ. ನಡುವೆ ಕರೋಡಗಿರಿ ನಾಕಾ, ದನಕ್ಕೂ ಜೋಳಕ್ಕೂ ಸುಂಕ. ಬೀಗರು ಆಚೆ, ಹೊಲ ಈಚೆ. ಕನ್ನಡ ಎರಡೂ ಕಡೆ. ಆಚೆಯ ರೈತನಿಗೆ ಶಾಸನಸಭೆ, ಮತ ಎಂಬುದೆಲ್ಲ ಕೇಳಿದ ಸುದ್ದಿಯಷ್ಟೇ. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೈದರಾಬಾದ್ ಸಂಸ್ಥಾನದೊಳಗೆ ಹೊಕ್ಕು, 17ರಂದು ನಿಜಾಮ ಶರಣಾದ ಮೇಲೆ ಆ ನಾಕಾಗಳ ಬಿಗಿ ಸಡಿಲವಾಯಿತು. ಆದರೆ ಹೈದರಾಬಾದು ಬೇರೆ ರಾಜ್ಯವಾಗಿಯೇ ಉಳಿಯಿತು, ಗಡಿಯೂ ಉಳಿಯಿತು.

ಸ್ವತಂತ್ರ ಭಾರತದ ಮೊದಲ ಚುನಾವಣೆ 1951ರ ಅಕ್ಟೋಬರ್ 25ಕ್ಕೆ ಶುರುವಾಗಿ 1952ರ ಫೆಬ್ರುವರಿ 21ಕ್ಕೆ ಮುಗಿಯಿತು. ಮುಂಬೈ ರಾಜ್ಯದ ಸರದಿ ಬಂದದ್ದು ಜನವರಿಯಲ್ಲಿ. ಸಂವಿಧಾನ ಅಂದು ಹೇಳುತ್ತಿದ್ದ ಲೆಕ್ಕ ಹೀಗೆ: ಐದು ಲಕ್ಷದಿಂದ ಏಳೂವರೆ ಲಕ್ಷ ಜನಕ್ಕೆ ಒಬ್ಬ ಲೋಕಸಭಾ ಸದಸ್ಯ. ಜಮಖಂಡಿ, ಮುಧೋಳ ಸಂಸ್ಥಾನಗಳು ಬಂದು ಸೇರಿದ್ದ ಬಿಜಾಪುರ ಜಿಲ್ಲೆಯ ಜನಸಂಖ್ಯೆ 1951ರಲ್ಲಿ ಸುಮಾರು 14 ಲಕ್ಷ. ಒಬ್ಬರಿಗೆ ಹೆಚ್ಚಾಗುತ್ತದೆ, ಮೂವರಿಗೆ ಕಡಿಮೆ ಬೀಳುತ್ತದೆ. ಹೀಗೆ ಇಬ್ಬರು, ಹೀಗೆ ಉತ್ತರ ಮತ್ತು ದಕ್ಷಿಣ. ಮುಂಬೈ ರಾಜ್ಯದ 45 ಸ್ಥಾನಗಳಲ್ಲಿ ಕನ್ನಡ ಜಿಲ್ಲೆಗಳ ಪಾಲು ಏಳು: ಬೆಳಗಾವಿ ಎರಡು, ಬಿಜಾಪುರ ಎರಡು, ಧಾರವಾಡ ಎರಡು, ಕಾರವಾರದ ಕಡೆಯ ಕೆನರಾ ಒಂದು.

ಮತ ಹಾಕುವ ಬಗೆ ಇಂದಿನವರಿಗೆ ಕೇಳಿದರೆ ನಗು ಬಂದೀತು. ಚೀಟಿಯ ಮೇಲೆ ಉಮೇದುವಾರರ ಹೆಸರಿಲ್ಲ, ಗುರುತಿಲ್ಲ. ಒಂದು ರೂಪಾಯಿ ನೋಟಿನಷ್ಟು ಅಗಲದ ಕಾಗದ, ನಾಸಿಕದ ಮುದ್ರಣಾಲಯದಲ್ಲಿ ಅಚ್ಚಾದದ್ದು. ಮರೆಯ ಹಿಂದೆ ಒಬ್ಬೊಬ್ಬ ಉಮೇದುವಾರನದೂ ಒಂದೊಂದು ಉಕ್ಕಿನ ಪೆಟ್ಟಿಗೆ, ಅದರ ಮೇಲೆ ಅವನ ಚಿತ್ರದ ಗುರುತು. ಬೇಕಾದವನ ಪೆಟ್ಟಿಗೆಗೆ ಚೀಟಿ ಇಳಿಬಿಟ್ಟರೆ ಮುಗಿಯಿತು. ಲೋಕಸಭೆಗೊಂದು, ವಿಧಾನಸಭೆಗೊಂದು, ಹೀಗೆ ಎರಡು ಸಲ. ದೇಶಕ್ಕೆಲ್ಲ ಇಂಥ ಪೆಟ್ಟಿಗೆಗಳು ಇಪ್ಪತ್ತು ಲಕ್ಷಕ್ಕೂ ಹೆಚ್ಚು ಬೇಕಾದವು. ಮತದಾರರು 17 ಕೋಟಿ 32 ಲಕ್ಷ. ಉತ್ತರದ ರಾಜ್ಯಗಳಲ್ಲಿ ಇಂಥವನ ತಾಯಿ, ಇಂಥವನ ಹೆಂಡತಿ ಎಂದಷ್ಟೇ ಬರೆಸಿ ತಮ್ಮ ಹೆಸರು ಹೇಳದ ಸುಮಾರು 28 ಲಕ್ಷ ಹೆಂಗಸರನ್ನು ಚುನಾವಣಾ ಆಯುಕ್ತ ಸುಕುಮಾರ ಸೇನರು ಪಟ್ಟಿಯಿಂದ ತೆಗೆಸಿದರು. ಗಂಡನ ಹೆಸರು ಬಾಯಲ್ಲಿ ಹೇಳಲು ಒಗಟು ಕಟ್ಟುವ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ತಮ್ಮ ಹೆಸರು ಹೇಳಲು ಅಷ್ಟು ಸಂಕೋಚ ಇರಲಿಲ್ಲವೆಂದು ಕಾಣುತ್ತದೆ.

ಕಾಂಗ್ರೆಸ್ಸಿನ ಗುರುತು ನೊಗ ಹೊತ್ತ ಜೋಡೆತ್ತು. ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಣ್ಣ ಬಳಿದು, ಗೊಂಡೆ ಕಟ್ಟಿ, ಕರಿ ಹರಿಯುವ ಸೀಮೆಯಲ್ಲಿ ಇದಕ್ಕಿಂತ ಪುಣ್ಯದ ಗುರುತು ಯಾವುದು? ಅಕ್ಷರ ಬಾರದವನೂ ಆ ಪೆಟ್ಟಿಗೆಯನ್ನು ಗುರುತಿಸುತ್ತಿದ್ದ. ಗಾಂಧಿ, ನೆಹರೂ ಹೆಸರಿನ ಬಲ ಬೇರೆ. ಮುಂಬೈ ರಾಜ್ಯದ ಏಳೂ ಕನ್ನಡ ಕ್ಷೇತ್ರಗಳು ಜೋಡೆತ್ತಿಗೇ ಒಲಿದವು. ಬಿಜಾಪುರ ಉತ್ತರಕ್ಕೆ ರಾಜಾರಾಂ ದುಬೆ, ದಕ್ಷಿಣಕ್ಕೆ ರಾಮಪ್ಪ ಬಾಲಪ್ಪ ಬಿದರಿ. ಧಾರವಾಡದ ಡಿ.ಪಿ. ಕರಮರಕರ, ಕೆನರಾದ ಜೋಕಿಂ ಆಳ್ವ ಇವರ ಜತೆಗಾರರು. ದುಬೆ ಎಂಬ ಮನೆತನದ ಹೆಸರು ಗಂಗಾ ಯಮುನೆಯ ಸೀಮೆಯದು. ಅಂಥ ಹೆಸರಿನವರನ್ನು ಡೋಣಿ ಸಾಲಿನ ಕನ್ನಡಿಗರು ಎರಡು ಸಲ ಆರಿಸಿದರು. ಜಾತಿಯ ಎಣಿಕೆ ಇಲ್ಲದೆ ನಮ್ಮಲ್ಲಿ ಚುನಾವಣೆಯೇ ನಡೆಯುವುದಿಲ್ಲ ಎಂದು ಸಾರುವವರು ಇದನ್ನೂ ಒಮ್ಮೆ ಎಣಿಕೆಗೆ ತೆಗೆದುಕೊಳ್ಳಬೇಕು.

ಅದೇ 1952ರಲ್ಲಿ ಗಡಿಯಾಚೆಯ ಕಲಬುರ್ಗಿ ಕ್ಷೇತ್ರದಿಂದ, ಹೈದರಾಬಾದ್ ರಾಜ್ಯದ ಪಾಲಿನ ಸದಸ್ಯರಾಗಿ ಲೋಕಸಭೆಗೆ ಹೋದವರು ಸ್ವಾಮಿ ರಮಾನಂದ ತೀರ್ಥರು. ನಿಜಾಮನ ಆಡಳಿತದ ವಿರುದ್ಧದ ಹೋರಾಟಕ್ಕೆ ಮುಂದಾಳಾಗಿದ್ದ ಈ ಸನ್ಯಾಸಿ 1903ರಲ್ಲಿ ಹುಟ್ಟಿದ್ದು ಸಿಂದಗಿಯಲ್ಲಿ. ಸಿಂದಗಿಯವರನ್ನು ದಿಲ್ಲಿಯಲ್ಲಿ ಪ್ರತಿನಿಧಿಸಿದವರು ದುಬೆ. ಸಿಂದಗಿಯಲ್ಲಿ ಹುಟ್ಟಿದವರು ಪ್ರತಿನಿಧಿಸಿದ್ದು ಗಡಿಯಾಚೆಯವರನ್ನು. ನಕ್ಷೆಯ ಮೇಲಿನ ಗೆರೆ ಎಷ್ಟು ಸುಳ್ಳು ಎಂಬುದಕ್ಕೆ ಇಷ್ಟು ಸಾಕಿತ್ತು.

ಆ ಗೆರೆ ಅಳಿಸುವ ಕೆಲಸ ಅದೇ ಲೋಕಸಭೆಯ ಪಾಲಿಗೆ ಬಂತು. 1953ರ ಡಿಸೆಂಬರಿನಲ್ಲಿ ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ.ಎಂ. ಪಣಿಕ್ಕರ್ ಇವರ ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಕವಾಯಿತು. ವರದಿ ಬಂದದ್ದು 1955ರ ಸೆಪ್ಟೆಂಬರ್ 30ಕ್ಕೆ. 1956ರ ನವೆಂಬರ್ 1ರಂದು ಮುಂಬೈಯಿಂದ ನಾಲ್ಕು ಜಿಲ್ಲೆ, ಹೈದರಾಬಾದಿನಿಂದ ಮೂರು ಜಿಲ್ಲೆ, ಕೊಡಗು, ದಕ್ಷಿಣ ಕನ್ನಡ, 1953ರಲ್ಲೇ ಬಳ್ಳಾರಿಯನ್ನು ಸೇರಿಸಿಕೊಂಡಿದ್ದ ಹಳೆ ಮೈಸೂರು ಎಲ್ಲ ಒಂದಾದವು. ಮುಂಬೈ ರಾಜ್ಯದ ಸದಸ್ಯರಾಗಿ ಲೋಕಸಭೆಗೆ ಹೋಗಿದ್ದ ದುಬೆಯವರು ಮರಳಿದ್ದು ಮೈಸೂರು ರಾಜ್ಯದ ಸದಸ್ಯರಾಗಿ. ಮೋರಟಗಿಯ ರೈತನಿಗೂ ಅಂದೇ ಜೇವರ್ಗಿಯ ಬೀಗರು ಒಂದೇ ರಾಜ್ಯದವರಾದರು. ರಾಜಧಾನಿ ಮಾತ್ರ ಇನ್ನೂ ದೂರ ಸರಿಯಿತು. ಮುಂಬೈಗೆ ಸೊಲ್ಲಾಪುರದ ಮೇಲಿಂದ ರೈಲಿತ್ತು, ಗಿರಣಿಯಲ್ಲಿ ದುಡಿಯುವ ಊರವರಿದ್ದರು, ವ್ಯಾಪಾರದ ಹಾದಿ ಗೊತ್ತಿತ್ತು. ಬೆಂಗಳೂರಿನಲ್ಲಿ ಯಾರಿದ್ದರು?

ಇದಾಗಿ ನಾಲ್ಕು ತಿಂಗಳೊಳಗೆ 1957ರ ಚುನಾವಣೆ. ಏಕೀಕರಣ ಮಾಡಿಸಿದ ಪಕ್ಷ ಎಂಬ ಹೆಮ್ಮೆ ಕಾಂಗ್ರೆಸ್ಸಿಗಿತ್ತು, ರಾಜ್ಯವೆಲ್ಲ ಆ ಹೆಮ್ಮೆಗೆ ಮತ ಹಾಕಿತು. ವಿಧಾನಸಭೆಯ 208ರಲ್ಲಿ 150 ಕಾಂಗ್ರೆಸ್ಸಿಗೆ ಬಂದವು. ಬಿಜಾಪುರ ದಕ್ಷಿಣದಲ್ಲೂ ಬಿದರಿಯವರೇ ಮತ್ತೆ ಗೆದ್ದರು. ಹೊಳೆಯ ಈಚೆ ಮಾತ್ರ ಜೋಡೆತ್ತಿನ ಪೆಟ್ಟಿಗೆ ಹಿಂದೆ ಬಿತ್ತು.

ಆ ಕಾಲದಲ್ಲಿ ಪಕ್ಷೇತರನಾಗಿ ಲೋಕಸಭೆಗೆ ಗೆಲ್ಲುವುದೆಂದರೆ ಏನು ಎಂದು ಸ್ವಲ್ಪ ಯೋಚಿಸಬೇಕು. ಪಕ್ಷದವನ ಗುರುತು ಹಿಂದಿನ ಚುನಾವಣೆಯಿಂದ ಜನರ ಕಣ್ಣಲ್ಲಿ ಕೂತಿರುತ್ತದೆ. ಪಕ್ಷೇತರನಿಗೆ ಚುನಾವಣೆಗೆ ಕೆಲವೇ ದಿನ ಮೊದಲು ಒಂದು ಚಿತ್ರ ಸಿಗುತ್ತದೆ. ಅದನ್ನು ಅವನು ಓಣಿ ಓಣಿಗೆ ಒಯ್ದು ತೋರಿಸಬೇಕು, ಓದು ಬಾರದ ಮುದುಕಿಗೂ ಅದು ನೆನಪಿರಬೇಕು, ಮರೆಯ ಹಿಂದೆ ಅವಳ ಕೈ ಅದೇ ಪೆಟ್ಟಿಗೆಗೆ ಹೋಗಬೇಕು. ಭೀಮೆಯಿಂದ ಕೃಷ್ಣೆಯವರೆಗೆ ಹರಡಿದ ಸೀಮೆ. ರೈಲು ಒಂದೇ: 1884ರಲ್ಲಿ ಹಾಕಿದ ಹೊಟಗಿ–ಗದಗ ಮೀಟರ್ ಗೇಜ್. ಅದು ಬಿಜಾಪುರ ಮುಟ್ಟಿ, ಸಿಂದಗಿ, ಮುದ್ದೇಬಿಹಾಳಗಳನ್ನು ಬಿಟ್ಟು ಹೋಗುತ್ತದೆ. ಮಳೆ ಬಿದ್ದರೆ ಎರೆ ಹಾದಿಯಲ್ಲಿ ಚಕ್ಕಡಿಯ ಗಾಲಿ ತಿರುಗುವುದಿಲ್ಲ. ಪುಣ್ಯಕ್ಕೆ ಚುನಾವಣೆ ಬೇಸಿಗೆಯ ಬಾಗಿಲಲ್ಲಿತ್ತು, ಹಿಂಗಾರಿ ಜೋಳದ ಸುಗ್ಗಿಯ ದಿನಗಳು. ಇಷ್ಟೆಲ್ಲ ದಾಟಿ ಲಕ್ಷಗಟ್ಟಲೆ ಮತದಾರರಿದ್ದ ಕ್ಷೇತ್ರದಲ್ಲಿ ಸುಗಂಧಿಯವರು ಗೆದ್ದರು. ದೇಶದಲ್ಲಿ ಆ ವರ್ಷ ಗೆದ್ದ ಪಕ್ಷೇತರರು 42 ಮಂದಿ, ಲೋಕಸಭೆಯ ಬಲ 494. ಆ ನಲವತ್ತೆರಡರಲ್ಲಿ ಮೈಸೂರು ರಾಜ್ಯದ ಪಾಲು ಈ ಒಬ್ಬರು.

ಇದನ್ನು ಏಕೀಕರಣದ ವಿರುದ್ಧದ ಮತ ಎಂದು ಓದುವುದು ತಪ್ಪು. ಈ ಜಿಲ್ಲೆ ಏಕೀಕರಣಕ್ಕೆ ಹಿಂಜರಿದದ್ದೇ ಇಲ್ಲ. ಹಳೆಯ ಸರಕಾರಿ ಪಕ್ಷ ಎಲ್ಲಿಗೆ ಹೋದರೂ ತಮ್ಮನ್ನು ಗೆದ್ದ ಸೀಮೆ ಎಂದೇ ಲೆಕ್ಕ ಹಾಕುತ್ತದೆ ಎಂಬ ಸಿಟ್ಟು ಅಲ್ಲಿ ಇತ್ತೆಂದು ನನ್ನ ಎಣಿಕೆ. ಆ ಸಿಟ್ಟಿಗೆ ಆಧಾರ ಮುಂದಿನ ಐದು ವರ್ಷಗಳಲ್ಲಿ ಇನ್ನೂ ಹೆಚ್ಚಾಯಿತು.

ಯಾಕೆಂದರೆ ಬಿಜಾಪುರ ಜಿಲ್ಲೆಗೆ ಅಧಿಕಾರ ಸಿಗಲಿಲ್ಲವೆಂದು ಯಾರೂ ಹೇಳುವಂತಿಲ್ಲ. 1958ರ ಮೇ ತಿಂಗಳಲ್ಲಿ ಮುಖ್ಯಮಂತ್ರಿಯಾದ ಬಿ.ಡಿ. ಜತ್ತಿಯವರು ಜಮಖಂಡಿಯವರು, ಅಂದಿಗೆ ಅದು ಬಿಜಾಪುರ ಜಿಲ್ಲೆಯೇ. ಅವರು ನಾಲ್ಕು ವರ್ಷ ಆಳಿದರು. 1962ರಲ್ಲಿ ಎಸ್. ನಿಜಲಿಂಗಪ್ಪ ಹೊಸದುರ್ಗದಲ್ಲಿ ಸೋತಾಗ ಹುನಗುಂದದ ಎಸ್.ಆರ್. ಕಂಠಿಯವರು ಮಾರ್ಚಿನಿಂದ ಜೂನಿನವರೆಗೆ ಮುಖ್ಯಮಂತ್ರಿಯಾದರು. ನಿಜಲಿಂಗಪ್ಪನವರು ಆರಿಸಿ ಬಂದು ಕುರ್ಚಿ ಏರಿದ್ದು ಬಾಗಲಕೋಟೆಯಿಂದ. ಒಂದೇ ಜಿಲ್ಲೆ, ಬೆನ್ನು ಬೆನ್ನಿಗೆ ಮೂವರು ಮುಖ್ಯಮಂತ್ರಿಗಳ ನಂಟು. ಜಮಖಂಡಿ, ಹುನಗುಂದ, ಬಾಗಲಕೋಟೆ: ಮೂರರ ಕಡೆಗೂ ಹೊರಡಬೇಕಾದರೆ ಸಿಂದಗಿಯವನು ಕೃಷ್ಣೆ ದಾಟಬೇಕು. ಉತ್ತರದ ಐದು ತಾಲೂಕುಗಳಿಗೆ ಅಂಥ ನಂಟು ಒಂದೂ ಇರಲಿಲ್ಲ. ಕಂಠಿಯವರು ಹುದ್ದೆಯನ್ನು ನಿಜಲಿಂಗಪ್ಪನವರಿಗೆ ಮರಳಿ ಬಿಟ್ಟುಕೊಟ್ಟ ಬಗೆಯನ್ನು ಇಂದಿಗೂ ಜನ ಹೊಗಳುತ್ತಾರೆ, ಹೊಗಳಬೇಕಾದದ್ದೇ. ಆ ಹೊಗಳಿಕೆಯ ನಡುವೆ ಜಿಲ್ಲೆಯ ಇನ್ನೊಂದು ಮಗ್ಗುಲು ಕಾಣದಂತಾಯಿತು.

1962ರ ಫೆಬ್ರುವರಿಯಲ್ಲಿ ಮೂರನೆಯ ಚುನಾವಣೆ. ಉಮೇದುವಾರನಿಗೊಂದು ಪೆಟ್ಟಿಗೆ ಎಂಬ ಪದ್ಧತಿ ಹೋಗಿ, ಎಲ್ಲರ ಹೆಸರೂ ಗುರುತೂ ಇರುವ ಒಂದೇ ಚೀಟಿಯ ಮೇಲೆ ಮುದ್ರೆ ಒತ್ತುವ ಪದ್ಧತಿ ಬಂತು. ಬೆರಳಿಗೆ ಹಚ್ಚುವ ಶಾಯಿ ಮೈಸೂರಿನ ಅರಗು ಮತ್ತು ಬಣ್ಣದ ಕಾರ್ಖಾನೆಯಿಂದ ದೇಶಕ್ಕೆಲ್ಲ ಹೋಗತೊಡಗಿದ್ದೂ ಆಗಲೇ. ಬಿಜಾಪುರ ಉತ್ತರ ದುಬೆಯವರನ್ನು ಮರಳಿ ಕಳಿಸಿತು. ದಕ್ಷಿಣಕ್ಕೆ ಸಂಗನಗೌಡ ಬಸನಗೌಡ ಪಾಟೀಲರು ಹೋದರು.

ದುಬೆಯವರ ಈ ಎರಡನೆಯ ಅವಧಿಯಲ್ಲಿ ಕ್ಷೇತ್ರದ ಹಣೆಬರಹ ಬದಲಿಸುವ ಒಂದು ಕೆಲಸ ಶುರುವಾಯಿತು. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಇಟ್ಟರು. ಐದು ದಿನಕ್ಕೆ ನೆಹರೂ ತೀರಿಕೊಂಡರು. ಜೂನ್ 9ಕ್ಕೆ ಶಾಸ್ತ್ರಿಯವರೇ ಪ್ರಧಾನಿ. ಅಡಿಗಲ್ಲು ಇಟ್ಟ ಜಾಗ ಬಾಗೇವಾಡಿ ತಾಲೂಕಿನದು. ಉತ್ತರವನ್ನೂ ದಕ್ಷಿಣವನ್ನೂ ಬೇರೆ ಮಾಡಿದ್ದ ಹೊಳೆಗೇ ಕಟ್ಟೆ. ಅಂದು ಸಂಭ್ರಮಪಟ್ಟವರಲ್ಲಿ ಎಷ್ಟು ಮಂದಿ ಆ ನೀರು ಕಂಡರೋ! ಕೃಷ್ಣೆಯ ನೀರನ್ನು ರಾಜ್ಯಗಳಿಗೆ ಹಂಚುವ ಬಚಾವತ್ ನ್ಯಾಯಮಂಡಳಿ ನೇಮಕವಾದದ್ದೇ 1969ರಲ್ಲಿ. ಕೆಳಗಿನ ನಾರಾಯಣಪುರ ಅಣೆಕಟ್ಟು ಎಂಬತ್ತರ ದಶಕದಲ್ಲಿ ಮುಗಿಯಿತು. ಆಲಮಟ್ಟಿಯನ್ನು ರಾಷ್ಟ್ರಪತಿ ಅಬ್ದುಲ್ ಕಲಾಂ ಲೋಕಾರ್ಪಣೆ ಮಾಡಿದ್ದು 2006ರ ಆಗಸ್ಟ್‌ನಲ್ಲಿ. ಕಲ್ಲು ಇಟ್ಟಲ್ಲಿಂದ ನಲವತ್ತೆರಡು ವರ್ಷ. ಕಲ್ಲು ಇಟ್ಟ ದಿನ ಹುಟ್ಟಿದ ಕೂಸಿಗೆ ಅಷ್ಟು ಹೊತ್ತಿಗೆ ಮಕ್ಕಳ ಮದುವೆಯ ಚಿಂತೆ. ಇಂಡಿ ಶಾಖಾ ಕಾಲುವೆ, ಗುತ್ತಿ ಬಸವಣ್ಣ ಏತ ನೀರಾವರಿ ಎಂಬ ಹೆಸರುಗಳು ಸಿಂದಗಿ, ಇಂಡಿಯ ಪ್ರತಿ ಚುನಾವಣೆಯ ಭಾಷಣದಲ್ಲೂ ಬಂದವು. ಕಾಲುವೆಯ ಕೊನೆಯ ರೈತನಿಗೆ ಭಾಷಣ ಬಂದಷ್ಟು ಸಲ ನೀರು ಬರಲಿಲ್ಲ.

ಆ ನೀರು ಬರುವ ಬಹಳ ಮೊದಲೇ ಕ್ಷೇತ್ರದ ಹೆಸರು ಹೋಯಿತು. 1961ರ ಗಣತಿಯ ಮೇಲೆ ಕ್ಷೇತ್ರಗಳನ್ನು ಹೊಸದಾಗಿ ವಿಂಗಡಿಸಿದಾಗ ಮೈಸೂರು ರಾಜ್ಯದ ಸ್ಥಾನ 26ರಿಂದ 27ಕ್ಕೆ ಏರಿತು. ಆ ಹೊಸ ಪಟ್ಟಿ ಬಳಕೆಗೆ ಬಂದದ್ದು 1967ರ ಚುನಾವಣೆಗೆ. ಅದರಲ್ಲಿ ಬಿಜಾಪುರ ದಕ್ಷಿಣದ ಜಾಗಕ್ಕೆ ಬಾಗಲಕೋಟೆ ಬಂತು. ದಕ್ಷಿಣವೇ ಇಲ್ಲವಾದ ಮೇಲೆ ಉತ್ತರಕ್ಕೆ ಏನು ಕೆಲಸ? ನಮ್ಮದು ಬರೀ ಬಿಜಾಪುರ ಆಯಿತು. ಯಾರೂ ಚಳವಳಿ ಮಾಡಲಿಲ್ಲ, ಯಾರೂ ಅಳಲಿಲ್ಲ. ಓಲ್ಡ್ ಸಾರಂನಂಥ ದಿಬ್ಬದ ಕ್ಷೇತ್ರಕ್ಕೂ ಉಳಿಸಿಕೊಳ್ಳಲು ಹೊಡೆದಾಡಿದ ಒಡೆಯರಿದ್ದರು. ಏಳೆಂಟು ಲಕ್ಷ ಜನರ ಕ್ಷೇತ್ರದ ಹೆಸರಿಗೆ ಒಡೆಯರಿರಲಿಲ್ಲ.

ಹೊಸ ಹೆಸರಿನ ಮೊದಲ ಚುನಾವಣೆಯಲ್ಲೇ ಜೋಡೆತ್ತು ಮತ್ತೆ ಸೋತಿತು. ನಕ್ಷತ್ರದ ಗುರುತಿನ ಸ್ವತಂತ್ರ ಪಕ್ಷದಿಂದ ಜಿ.ಡಿ. ಪಾಟೀಲರು ಗೆದ್ದರು. ಆ ಸಲ ರಾಜ್ಯದಲ್ಲಿ ಸ್ವತಂತ್ರ ಪಕ್ಷಕ್ಕೆ ಬಂದದ್ದು ಐದು ಸ್ಥಾನ, ಅದರಲ್ಲಿ ಇದೊಂದು. ಗೌಡಕಿ, ಕುಲಕರ್ಣಿಕಿಯ ವಂಶದ ಹುದ್ದೆಗಳನ್ನು ರದ್ದು ಮಾಡಿದ 1961ರ ಕಾಯ್ದೆ ಅಷ್ಟರಲ್ಲಿ ಊರೂರಿಗೆ ಮುಟ್ಟಿತ್ತು. ಅದೇ ವರ್ಷದ ಭೂಸುಧಾರಣೆಯ ಕಾನೂನು ದೊಡ್ಡ ಹೊಲದವರ ನಿದ್ದೆ ಕೆಡಿಸಿತ್ತು. ಈ ಎರಡನ್ನೂ ಬಿಟ್ಟು 1967ರ ಫಲಿತಾಂಶವನ್ನು ವಿವರಿಸಲು ಹೊರಡುವುದು ಸರಿಯಲ್ಲ. 1971ಕ್ಕೆ ಸೀಟು ಕಾಂಗ್ರೆಸ್ಸಿಗೆ ಮರಳಿತು. 1984ರಲ್ಲಿ, ಇಂದಿರಾ ಗಾಂಧಿಯವರ ಹತ್ಯೆಯ ನಂತರದ ಅನುಕಂಪದ ಅಲೆಯಲ್ಲೂ, ಜನತಾ ಪಕ್ಷದ ಎಸ್.ಎಂ. ಗುರಡ್ಡಿ ಇಲ್ಲಿ ಗೆದ್ದರು. 1957, 1967, 1984: ರಾಜ್ಯವೋ ದೇಶವೋ ಒಂದು ಕಡೆ ಹೊರಟಾಗ ಈ ಸೀಮೆ ಇನ್ನೊಂದು ಕಡೆ ಹೊರಟ ಮೂರು ಸಂದರ್ಭ. ಇದನ್ನು ಸ್ವಭಾವ ಎನ್ನುವಷ್ಟು ಧೈರ್ಯ ನನಗಿಲ್ಲ, ಆಕಸ್ಮಿಕ ಎಂದು ಬಿಟ್ಟುಬಿಡಲೂ ಮನಸ್ಸಿಲ್ಲ.

ಹೆಸರು ಅಳಿಯುವುದು ಅಲ್ಲಿಗೆ ನಿಲ್ಲಲಿಲ್ಲ. 1976ರಲ್ಲಿ ತಡೆಹಿಡಿದಿದ್ದ ಕ್ಷೇತ್ರ ವಿಂಗಡಣೆಯನ್ನು ಕುಲದೀಪ ಸಿಂಗ್ ಆಯೋಗ ಕೈಗೆತ್ತಿಕೊಂಡು, 2008ರಲ್ಲಿ ಅದು ಜಾರಿಗೆ ಬಂದಾಗ ಜಿಲ್ಲೆಯ ಮೂರು ವಿಧಾನಸಭಾ ಕ್ಷೇತ್ರಗಳ ಹೆಸರು ಹೋದವು. ಹೂವಿನ ಹಿಪ್ಪರಗಿ, ಬಳ್ಳೊಳ್ಳಿ, ತಿಕೋಟಾ ಹೋಗಿ ದೇವರ ಹಿಪ್ಪರಗಿ, ನಾಗಠಾಣ, ಬಬಲೇಶ್ವರ ಬಂದವು. ಬಳ್ಳೊಳ್ಳಿಯಿಂದ ರಾಜಕೀಯ ಶುರುಮಾಡಿದ ರಮೇಶ ಜಿಗಜಿಣಗಿಯವರು, ನಡುವೆ ಚಿಕ್ಕೋಡಿಯಿಂದ ಮೂರು ಸಲ ಲೋಕಸಭೆಗೆ ಹೋಗಿ, 2009ರಿಂದ ಈಚೆಗೆ ನಾಲ್ಕು ಸಲ ಪರಿಶಿಷ್ಟ ಜಾತಿಗೆ ಮೀಸಲಾದ ಬಿಜಾಪುರದಿಂದ ಗೆದ್ದಿದ್ದಾರೆ. 32 ರೂಪಾಯಿ ಕಂದಾಯದ ಪಟ್ಟಿಯಿಂದ ಇಲ್ಲಿಗೆ ಬರಲು ಈ ಸೀಮೆಗೆ ತೊಂಬತ್ತು ವರ್ಷ ಹಿಡಿಯಿತು.

ಇದರ ನಡುವೆ 1997ರಲ್ಲಿ ಜಿಲ್ಲೆಯೇ ಒಡೆಯಿತು. ಬಾಗಲಕೋಟೆ ಬೇರೆಯಾಯಿತು. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು. ಚುನಾವಣಾ ಆಯೋಗದ ಪಟ್ಟಿಯಲ್ಲಿ ಲೋಕಸಭಾ ಕ್ಷೇತ್ರ ಇಂದಿಗೂ ಬಿಜಾಪುರ. ಮುದ್ದೇಬಿಹಾಳ, ದೇವರ ಹಿಪ್ಪರಗಿ, ಬಸವನ ಬಾಗೇವಾಡಿ, ಬಬಲೇಶ್ವರ, ಬಿಜಾಪುರ ನಗರ, ನಾಗಠಾಣ, ಇಂಡಿ, ಸಿಂದಗಿ: ಈ ಎಂಟೂ ಸೇರಿದರೆ ಆಗುವುದು ಹಳೆಯ ಜಿಲ್ಲೆಯ ಉತ್ತರ ಭಾಗವೇ. ಹೆಸರು ಹೋದ ಬಿಜಾಪುರ ಉತ್ತರ ನೆಲದ ಮೇಲೆ ಹೆಚ್ಚುಕಡಿಮೆ ಹಾಗೇ ಇದೆ. ಕೃಷ್ಣೆ ಹಾಕಿದ ಗೆರೆಯನ್ನು ಯಾವ ಆಯೋಗವೂ ಬಹಳ ಕದಲಿಸಲಿಲ್ಲ.

ಮುರಿಗೆಪ್ಪ ಸುಗಂಧಿಯವರ ಹೆಸರನ್ನು ಮಾತ್ರ ಸಂಸತ್ತಿನ ಹಳೆಯ ಪಟ್ಟಿಗಳಲ್ಲಿ ಹುಡುಕಿ ತೆಗೆಯಬೇಕಾಗಿದೆ. ರಾಜ್ಯದ ರಾಜಕೀಯ ಬರೆದವರೆಲ್ಲ 1957ಕ್ಕೆ ಬಂದಾಗ '23 ಕಾಂಗ್ರೆಸ್, ಇತರರು 3' ಎಂದು ಬರೆದು ಮುಂದೆ ಹೋಗಿದ್ದಾರೆ. ಇದು ಅನ್ಯಾಯ. ಇಂಡಿ, ಸಿಂದಗಿ, ತಾಳಿಕೋಟೆ, ಮೋರಟಗಿ, ಬಾಗೇವಾಡಿಯ ಹಳೆಯ ಮನೆಗಳ ಗೂಡಿನಲ್ಲಿ, ಅಡತಿ ಅಂಗಡಿಯ ಲೆಕ್ಕದ ಪುಸ್ತಕಗಳ ನಡುವೆ, ಆ ಚುನಾವಣೆಗಳ ಕರಪತ್ರವೋ, ಮತದಾರರ ಪಟ್ಟಿಯೋ, ಗುರುತಿನ ಚೀಟಿಯೋ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೆ ಒಯ್ದು ಕೊಡಿ. 1957ರಲ್ಲಿ ಮತ ಹಾಕಿದವರಿಗೆ ಈಗ ತೊಂಬತ್ತರ ಆಸುಪಾಸು. ಮನೆಯಲ್ಲಿ ಅಂಥ ಹಿರಿಯರಿದ್ದರೆ ಯಾವ ಪೆಟ್ಟಿಗೆಗೆ ಹಾಕಿದಿರಿ, ಯಾಕೆ ಹಾಕಿದಿರಿ ಎಂದು ಈ ವರ್ಷವೇ ಕೇಳಿ ಬರೆದಿಡಿ.